ಬೋರಲು ಹಾಕಿದ ಬಟ್ಟಲು

ಮಧ್ಯಾಹ್ನ ಮೂರಕ್ಕೆ ಬೆಟ್ಟದಪುರದ ಹೈಸ್ಕೂಲಿನ ಗಂಟೆ ಹೊಡೆದಾಗ ನೀಲಾಂಬಿಕೆಯ ಮನೆಯ ಜಗಲಿಯ ಮೇಲೆ ಒಂದು ಮೊಣಕಾಲು ಬಂದು ಕೂರುತ್ತಿತ್ತು. ಬರೀ ಮೊಣಕಾಲು. ಅದರ ಮೇಲುಗಡೆ, ತೊಡೆ ಶುರುವಾಗುವಲ್ಲಿ, ಬಳೆ ತೊಡಿಸಿದ ಹಾಗೆ ಕೆಂಪು ಗುಳ್ಳೆಗಳ ಒಂದು ಸುತ್ತು. ಪಕ್ಕದಲ್ಲಿ ಇನ್ನೊಂದು ಕಾಲು ಇರಬೇಕಾದ ಕಡೆ ನೀಲಿ ಲಂಗದ ಅಂಚು ಬಿದ್ದಿರುತ್ತಿತ್ತು. ಮುಖ ಇರುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಹುಡುಗಿಯ ಮುಖ ಅವಳಿಗೆ ಮರೆತೇಹೋಗಿತ್ತು. ಮೊಣಕಾಲು ಮರೆತಿರಲಿಲ್ಲ.

ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ಗಂಡ ಚಿಕ್ಕಬಸಪ್ಪನಿಗೆ ಗೊತ್ತಿದ್ದದ್ದು ಇಷ್ಟೇ ಎಂದು ಅವಳ ಎಣಿಕೆ: ಆ ಹೊತ್ತಿನಲ್ಲಿ ಜಗಲಿಯ ಆ ಮೂಲೆಯಲ್ಲಿ ಕೂತರೆ ಹೆಂಡತಿ ಏನಾದರೂ ನೆಪ ತೆಗೆದು ಎಬ್ಬಿಸುತ್ತಾಳೆ. ಅವನು ಎದ್ದು ಈಚೆ ಕೂತು, ಅಲ್ಲಿ ನಿಮ್ಮಪ್ಪ ಬಂದು ಕೂರುತ್ತಾನೇನೋ ಎಂದು ಗೊಣಗುತ್ತಿದ್ದ. ಅವಳು ಒಳಗೆ ಹೋಗುತ್ತಿದ್ದಳು.

ನೀಲಾಂಬಿಕೆ ಹುಟ್ಟಿದ್ದು ಕೆ.ಆರ್. ನಗರದ ಕಡೆಯ ನಾಲೆ ನೀರಿನ ಊರಿನಲ್ಲಿ. ಹದಿನೆಂಟಕ್ಕೆ ಮದುವೆಯಾಗಿ ಬೆಟ್ಟದ ಕೆಳಗಿನ ಈ ಹೊಗೆಸೊಪ್ಪಿನ ಊರಿಗೆ ಬಂದಾಗ, ಅತ್ತೆ ಕೈಗೆ ಕೊಟ್ಟ ಮೊದಲ ಕೆಲಸ ಕಾವಿ ಕಲ್ಲು ತೇಯುವುದು. ಅತ್ತೆ ಸರ್ಪಸುತ್ತಿಗೆ ಕಾವಿ ಬರೆಯುವವಳು. ಪಕ್ಕೆಗೋ ಸೊಂಟಕ್ಕೋ ಉರಿಗುಳ್ಳೆ ಸಾಲುಗಟ್ಟಿ, ಹಾವು ಸುತ್ತಿಕೊಂಡ ಹಾಗೆ ಏಳುವ ಕಾಯಿಲೆ ಅದು. ಬಂದವರನ್ನು ಜಗಲಿಯ ಮೇಲೆ ಕೂರಿಸಿ, ಹಿತ್ತಾಳೆ ಬಟ್ಟಲಿನಲ್ಲಿ ಕಾವಿ ಕದಡಿ, ಗರಿಕೆ ಹುಲ್ಲಿನ ತುದಿಯಿಂದ ಸುತ್ತಿನ ತಲೆಗೊಂದು ಗೆರೆ, ಬಾಲಕ್ಕೊಂದು ಗೆರೆ ಎಳೆಯುತ್ತಿದ್ದಳು. ಹಾವು ಗೆರೆ ದಾಟಬಾರದು. ಮೂರು ಸೋಮವಾರ ಬರೆದರೆ ಗುಳ್ಳೆ ಬಾಡುತ್ತಿದ್ದವು.

ಅತ್ತೆ ಸಾಯುವ ಮೊದಲು ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟಳು. ಜೊತೆಗೆ ಮೂರು ಕಟ್ಟಳೆ ಹೇಳಿದಳು. ಬಟ್ಟಲು ಕೈಯಲ್ಲಿರುವ ತನಕ ಬಾಯಿ ತೆರೆಯಬಾರದು. ಸುತ್ತು ಎದ್ದ ಕಡೆಯನ್ನು ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಬಾರದು. ಚೆನ್ನಾಗಿರುವ ಮೈಯನ್ನು ನೋಡಿದರೆ ಹಾವಿಗೆ ದಾರಿ ತೋರಿಸಿದ ಹಾಗೆ. ಮೂರನೆಯದನ್ನು ಹೇಳುವಾಗ ಅತ್ತೆಯ ದನಿ ಇಳಿದಿತ್ತು. ತಲೆಯೂ ಬಾಲವೂ ಕೂಡಿಬಿಟ್ಟಿದ್ದರೆ ಬರೆಯಬಾರದು. ಅಂಥವರಿಗೆ ಆಯುಸ್ಸಿಲ್ಲ. ಬಾಯಲ್ಲಿ ಏನೂ ಹೇಳದೆ ಬಟ್ಟಲನ್ನು ಬೋರಲು ಹಾಕಿ ಒಳಗೆ ಹೋಗಬೇಕು.

ನೀಲಾಂಬಿಕೆ ಇಪ್ಪತ್ತು ಇಪ್ಪತ್ತೈದು ವರ್ಷ ಗೆರೆ ಎಳೆದಳು. ಪಿರಿಯಾಪಟ್ಟಣ, ಹುಣಸೂರು, ಕೊಪ್ಪದ ಸಂತೆಯ ಕಡೆಯಿಂದಲೂ ಜನ ಬಂದರು. ಅಷ್ಟು ವರ್ಷದಲ್ಲಿ ತಲೆ ಬಾಲ ಕೂಡಿದ ಸುತ್ತನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಎಲ್ಲವೂ ಅರ್ಧಕ್ಕೆ ನಿಂತಿರುತ್ತಿದ್ದವು. ತಾನು ಎಳೆದ ಗೆರೆಯೇ ತಡೆದದ್ದು ಎಂದು ಅವಳು ತಿಳಿದಿದ್ದಳು.

ಆಮೇಲೆ ಆ ಹುಡುಗಿ ಬಂದಳು.

ಅದು ಆಗಸ್ಟ್ ತಿಂಗಳು, ಶಾಲೆಗಳಲ್ಲಿ ಆಟದ ಕಾಲ. ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಹತ್ತಿರದ ಯಾವುದೋ ಊರಿನಿಂದ ಮೂರು ಬಸ್ಸು ಬದಲಿಸಿ ದೇವರಾಜು ಎಂಬ ರೈತ ಮಗಳನ್ನು ಕರೆದುಕೊಂಡು ಬಂದಿದ್ದ. ಹದಿನೈದರ ಹುಡುಗಿ, ಶಾಲೆಯ ನೀಲಿ ಲಂಗದಲ್ಲೇ ಇದ್ದಳು, ಆಟದ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಅಪ್ಪ ಅವಳನ್ನು ಪುಟ್ಟಿ ಎನ್ನುತ್ತಿದ್ದ. ಅವಳಿಗೆ ನೋವಿನ ಚಿಂತೆ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಜಗಲಿ ಹತ್ತಿದವಳೇ ಕಂಬ ಎಷ್ಟಿದೆ ಎಂದು ಎಣಿಸಿದಳು, ಬೆಟ್ಟದ ಮೇಲಕ್ಕೆ ಎಷ್ಟು ಮೆಟ್ಟಿಲು ಎಂದು ಕೇಳಿದಳು. ಶನಿವಾರದೊಳಗೆ ವಾಸಿಯಾಗುತ್ತದಾ ಎಂದು ಕೇಳಿದಳು. ತಾಲ್ಲೂಕು ಮಟ್ಟದ ಕಬಡ್ಡಿ ಇತ್ತಂತೆ. ತಾನಿಲ್ಲದಿದ್ದರೆ ಕಾರ್ನರ್‌ನಲ್ಲಿ ಕಾಲು ಹಿಡಿಯುವವರೇ ಇಲ್ಲವಂತೆ.

ನೀಲಾಂಬಿಕೆ ಬಟ್ಟಲು ಕೈಗೆ ತೆಗೆದುಕೊಂಡು ಬಲಗಾಲಿನ ಮುಂದೆ ಕೂತಳು. ಗುಳ್ಳೆಗಳ ಸಾಲನ್ನು ಕಣ್ಣಿನಲ್ಲೇ ಹಿಡಿದು ಹೊರಟಳು. ಮುಂದಿನಿಂದ ಮಗ್ಗುಲಿಗೆ, ಮಗ್ಗುಲಿಂದ ಹಿಂದಕ್ಕೆ. ಹಿಂದೆ ಎಲ್ಲಾದರೂ ಒಂದು ಬೆರಳಿನಷ್ಟು ಜಾಗ ಬಿಟ್ಟಿರುತ್ತದೆ ಅಂದುಕೊಂಡಳು. ಬಿಟ್ಟಿರಲಿಲ್ಲ. ಸಾಲು ಹೊರಟ ಕಡೆಗೇ ಬಂದು ಸೇರಿತು. ಅವಳು ಮತ್ತೊಮ್ಮೆ ನೋಡಿದಳು. ಮತ್ತೆ ಸೇರಿತು.

ಅಷ್ಟರಲ್ಲಿ ಹುಡುಗಿ ಲಂಗದ ಅಂಚನ್ನು ಹಿಡಿದು, "ಅಜ್ಜಿ, ಈ ಕಾಲಲ್ಲೂವೆ..." ಎಂದು ಎಡಗಾಲಿನ ಮೇಲಿಂದ ಎತ್ತಲು ಹೋದಳು.

ನೀಲಾಂಬಿಕೆ ತಟಕ್ಕನೆ ಆ ಕೈಯನ್ನು ಒತ್ತಿ ಹಿಡಿದಳು. ನೋಡಬಾರದು. ಅವಳ ಅಂಗೈಯ ಒದ್ದೆ ಕಾವಿ ಲಂಗಕ್ಕೆ ಹತ್ತಿ, ಐದು ಬೆರಳೂ ನೀಲಿಯ ಮೇಲೆ ಮೂಡಿದವು. ಆಮೇಲೆ ಅವಳು ಬಟ್ಟಲನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು. ಹಿತ್ತಾಳೆ ಕಲ್ಲಿಗೆ ತಾಗಿದ ಸದ್ದು. ಉಳಿದ ಕಾವಿ ಬಟ್ಟಲಿನ ಸುತ್ತ ಹರಿದು ಜಗಲಿಯಂಚಿನಿಂದ ತೊಟ್ಟಿಕ್ಕಿತು.

ದೇವರಾಜುವಿಗೆ ಆ ಕಟ್ಟಳೆ ಗೊತ್ತಿತ್ತು. ಅವನು ಮಗಳ ಕೈ ಹಿಡಿದು ಎಬ್ಬಿಸಿದ. ಯಾಕಪ್ಪಾ ಬರೆಯಲ್ವಾ, ಯಾಕಪ್ಪಾ ಎಂದು ಅವಳು ಕೇಳುತ್ತಲೇ ಇದ್ದದ್ದು ಬೀದಿಯ ತಿರುವಿನವರೆಗೂ ಕೇಳಿಸಿತು. ಅಪ್ಪನ ದೊಡ್ಡ ಹೆಜ್ಜೆಗೆ ಸಮ ಬರಲು ಆ ಹುಡುಗಿ ಓಡುತ್ತಿದ್ದಳು. ಕುಂಟುತ್ತಿರಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನೀಲಾಂಬಿಕೆಗೆ, ಸಾಯುವವರು ಹೀಗೆ ಓಡುತ್ತಾರೆಯೇ ಎನ್ನಿಸಿತು. ಆ ಅನ್ನಿಸಿಕೆಯನ್ನು ಅವಳು ಹಿಂಬಾಲಿಸಲಿಲ್ಲ.

ಆ ಕಡೆಯಿಂದ ಆಮೇಲೂ ಜನ ಬಂದರು. ಆ ಹುಡುಗಿ ಏನಾದಳು ಎಂದು ಕೇಳಲು ಅವಳಿಗೆ ನಾಲಿಗೆ ಬರಲಿಲ್ಲ. ಕೇಳುವುದೇನಿದೆ, ಸುತ್ತು ಕೂಡಿತ್ತಲ್ಲ. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವಾಗ ಮನೆಯವರ ಹೆಸರು ಹೇಳಿ ಒಂದೊಂದು ಧಾರೆ ಬಿಡುವುದು ಅವಳ ರೂಢಿ. ಆ ವರ್ಷದಿಂದ ಕೊನೆಗೊಂದು ಹೆಚ್ಚಿನ ಧಾರೆ ಬಿಡತೊಡಗಿದಳು, ಹೆಸರು ಹೇಳದೆ. ಹೇಳಲು ಹೆಸರೂ ಇರಲಿಲ್ಲ. ಈ ನಾಲ್ಕು ತಾಲ್ಲೂಕಿನಲ್ಲಿ ಮನೆಗೊಬ್ಬಳು ಪುಟ್ಟಿ.

ಹೀಗೆ ಹನ್ನೊಂದು ವರ್ಷ ಹೋಯಿತು. ಮಗ ಸಿದ್ದರಾಜುವಿನ ಮಗಳು ಪೂಜಾ ಒಂಬತ್ತನೇ ಕ್ಲಾಸಿಗೆ ಬಂದಳು, ಶಾಲೆಯ ಕಬಡ್ಡಿ ತಂಡ ಸೇರಿದಳು. ಅಜ್ಜಿಗೆ ಆ ಆಟದ ಹೆಸರು ಕೇಳಿದರೆ ಆಗುತ್ತಿರಲಿಲ್ಲ. ಕಾರಣ ಹೇಳಲಾರಳು, ಆದ್ದರಿಂದ ಬೇಡವೆನ್ನಲೂ ಆರಳು. ಹೋಬಳಿ ಮಟ್ಟದಲ್ಲಿ ಗೆದ್ದು ಬಂದ ದಿನ ಪೂಜಾ ಇಡೀ ಆಟವನ್ನು ಪಡಸಾಲೆಯಲ್ಲಿ ಆಡಿ ತೋರಿಸಿದ್ದಳು. ತಾತನ ಕಾಲನ್ನು ಹಿಡಿದೆಳೆದು ಔಟ್ ಮಾಡಿದ್ದಳು. ಅಜ್ಜಿ ಅಡಿಗೆಮನೆಯಿಂದ ಹೊರಗೆ ಬಂದಿರಲಿಲ್ಲ.

ಆ ಆಗಸ್ಟಿನ ಒಂದು ಬೆಳಿಗ್ಗೆ ಬಚ್ಚಲಿನಿಂದ ಸೊಸೆ ಕೂಗಿದಳು. ಮಗಳಿಗೆ ತಲೆಗೆ ನೀರು ಹಾಕಲು ಹೋದವಳು ಅವಳ ಬಲಗಾಲನ್ನು ಕಂಡಿದ್ದಳು. ಪೂಜಾ ನಾಲ್ಕು ದಿನದಿಂದ ಮುಚ್ಚಿಟ್ಟಿದ್ದಳಂತೆ. ಪಿ.ಟಿ. ಮೇಷ್ಟ್ರು ಕಾಂತರಾಜ್ ನೋಡಿದರೆ ತಂಡದಿಂದ ಕೈಬಿಡುತ್ತಾರೆಂಬ ಭಯಕ್ಕೆ ಉದ್ದ ಪ್ಯಾಂಟು ಹಾಕಿಕೊಂಡೇ ಓಡಾಡಿದ್ದಳು.

ಸಿದ್ದರಾಜು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಿಂದ ಓಡಿಬಂದ. ಸೊಪ್ಪಿನ ಅಂಟಿಗೆ ನವೆಯಾಗಿರಬೇಕು, ಭಾನುವಾರ ಕಡ್ಡಿಗೆ ಸೊಪ್ಪು ಕಟ್ಟಲು ಕೂತಿದ್ದಳಲ್ಲ ಎಂದ. ಆದರೆ ಸೊಪ್ಪಿನ ನವೆ ಕೈಗಾಗುತ್ತದೆ, ಹೀಗೆ ಬಳೆಯ ಹಾಗೆ ಸುತ್ತುವುದಿಲ್ಲ ಎಂಬುದು ಆ ಊರಿನ ಹಸುಗೂಸಿಗೂ ಗೊತ್ತು. ಕೊನೆಗೆ ಅವನೇ ಹೋಗಿ ದೇವರ ಗೂಡಿನಿಂದ ಬಟ್ಟಲು ತಂದು ತಾಯಿಯ ಕೈಗೆ ಕೊಟ್ಟ.

"ನೋಡವ್ವ," ಎಂದ.

ನೀಲಾಂಬಿಕೆ ಮೊಮ್ಮಗಳ ಕಾಲಿನ ಮುಂದೆ ಕೂತಳು. ಅದೇ ಮೊಣಕಾಲು. ಹನ್ನೊಂದು ವರ್ಷ ಜಗಲಿಗೆ ಬಂದು ಕೂತದ್ದು ಈಗ ಪಡಸಾಲೆಯೊಳಗೇ ಬಂದಿತ್ತು. ಅವಳು ಗುಳ್ಳೆಗಳನ್ನು ಹಿಡಿದು ಹೊರಟಳು. ಮುಂದಿನಿಂದ ಮಗ್ಗುಲಿಗೆ, ಮಗ್ಗುಲಿಂದ ಹಿಂದಕ್ಕೆ. ಸಾಲು ಬಂದು ಕೂಡಿತು.

ಮನೆಯವರೆಲ್ಲರ ಕಣ್ಣು ಬಟ್ಟಲಿನ ಮೇಲಿತ್ತು. ಪೂಜಾ ಮಾತ್ರ ಅಜ್ಜಿಯ ಮುಖ ನೋಡುತ್ತಿದ್ದಳು. ಚಿಕ್ಕಬಸಪ್ಪ ಗೋಡೆಗೆ ಒರಗಿಕೊಂಡೇ, ಮಗುವಿನ ಹತ್ತಿರ ಮಾತಾಡುವ ಹಾಗೆ ಮೆತ್ತಗೆ ಹೇಳಿದ.

"ನೀಲಾ, ಬಟ್ಲು ಕೆಳಗಿಡ್ಬ್ಯಾಡ ಕಣೆ."

ಅವಳು ತಿರುಗಿ ಅವನನ್ನು ನೋಡಿದಳು. ಆ ಹುಡುಗಿಯ ವಿಚಾರ ಅವನಿಗೆ ಅರ್ಧವಲ್ಲ, ಎಲ್ಲವೂ ಗೊತ್ತಿತ್ತು ಎಂದು ಅವಳಿಗೆ ಆಗ ಅರ್ಥವಾಯಿತು. ಅವಳು ಎದ್ದುಹೋಗಿ ಬಟ್ಟಲನ್ನು ಅವನ ಕೈಯಲ್ಲಿ ಇಟ್ಟಳು. ಈಗ ಅವಳ ಕೈ ಬರಿದಾಗಿತ್ತು. ಈಗ ಮಾತಾಡಬಹುದಿತ್ತು.

"ಇನ್ನೊಂದು ಕಾಲು ತೋರ್ಸು ಮಗ," ಎಂದಳು.

ಸೊಸೆ ಬೇಡವೆಂದು ಮುಂದೆ ಬಂದಳು. ನೀಲಾಂಬಿಕೆ ಅವಳನ್ನು ಸರಿಸಿದಳು. ಪೂಜಾ ಬಟ್ಟೆ ಸರಿಸಿ ಎಡಗಾಲು ಚಾಚಿದಳು. ಅಲ್ಲೂ ಒಂದು ಸುತ್ತು ಇತ್ತು. ಬಲಗಾಲಿನಷ್ಟು ಕೆರಳಿರಲಿಲ್ಲ, ಆದರೆ ಅದೇ ಎತ್ತರದಲ್ಲಿ, ಅಷ್ಟೇ ಅಗಲ. ನೀಲಾಂಬಿಕೆ ಇನ್ನೂ ಕೆಳಗೆ ನೋಡಿದಳು. ಮಂಡಿಚಿಪ್ಪಿನ ಕೆಳಗೂ ಎರಡು ಕಾಲಿಗೂ ಒಂದೊಂದು ತೆಳ್ಳನೆಯ ಕೆಂಪು ಗೆರೆ. ನಡುವೆ ಮೊಣಕಾಲಿನ ಚರ್ಮ ಮಾತ್ರ ನುಣ್ಣಗೆ, ಏನೂ ಆಗದ ಹಾಗೆ ಇತ್ತು. ಅವಳು ತನ್ನ ಬೆರಳಿನಿಂದ ಅಳೆದಳು. ಅಲ್ಲಿಂದ ಇಲ್ಲಿಗೆ ಒಂದು ಗೇಣು. ಆ ಕಾಲಿಗೂ ಒಂದು ಗೇಣು.

ಹಾವು ಅಳತೆ ಹಿಡಿದು ಬರುವುದಿಲ್ಲ.

"ಇಲ್ಲಿಗೇನು ಕಟ್ತೀಯ ನೀನು?"

ಪೂಜಾ ಶಾಲೆಯ ಚೀಲದಿಂದ ಒಂದು ಜೊತೆ ನೀ ಕ್ಯಾಪ್ ತೆಗೆದು ಕೊಟ್ಟಳು. ಮಂಡಿ ತರಚದ ಹಾಗೆ ಕಾಲಿಗೆ ಏರಿಸುವ ಕಪ್ಪು ಚೀಲ. ಈ ವರ್ಷ ಶಾಲೆಗೆ ಹೊಸದಾಗಿ ಬಂದಿದ್ದವು, ಎಲ್ಲರೂ ಅದನ್ನೇ ಹಾಕುತ್ತಿದ್ದರು. ನಡುವೆ ಬಟ್ಟೆ, ಮೇಲಂಚಿಗೂ ಕೆಳಂಚಿಗೂ ಜಾರದಂತೆ ಹಿಡಿಯುವ ರಬ್ಬರಿನ ಪಟ್ಟಿ. ನೀಲಾಂಬಿಕೆ ಅದನ್ನು ಮೊಮ್ಮಗಳ ಕಾಲಿಗೆ ಮುಟ್ಟಿಸದೆ ಪಕ್ಕದಲ್ಲಿ ಹಿಡಿದಳು. ಪಟ್ಟಿಯೂ ಸುತ್ತೂ ಒಂದೇ ಸಾಲಿಗೆ ಬಂದವು. ಸುಟ್ಟ ಟೈರಿನಂಥ ಒಂದು ವಾಸನೆ ಅದರಿಂದ ಬರುತ್ತಿತ್ತು. ಆ ವಾಸನೆ ಅವಳಿಗೆ ಹೊಸದಲ್ಲ. ಹನ್ನೊಂದು ವರ್ಷದ ಹಿಂದೆ ಜಗಲಿಯ ಮೇಲೆ, ಕಾವಿಯ ವಾಸನೆಯ ನಡುವೆ, ಆ ಹುಡುಗಿಯ ಮಡಿಲಲ್ಲಿದ್ದ ಚೀಲದಿಂದ ಬಂದಿತ್ತು.

ಈ ಕಾಲಲ್ಲೂವೆ, ಎಂದಿದ್ದಳು. ತೋರಿಸಲು ಹೊರಟಿದ್ದಳು.

ಸಿದ್ದರಾಜು ಮಗಳನ್ನು ಅವತ್ತೇ ಹುಣಸೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನೀಲಾಂಬಿಕೆ ತಾನೂ ಬರುತ್ತೇನೆಂದು ಹೊರಟಳು. ಡಾಕ್ಟರು ಮೂವತ್ತೈದರ ಹೆಂಗಸು. ನೀ ಕ್ಯಾಪನ್ನು ತಿರುವಿ ಮುರುವಿ ನೋಡಿ, ರಬ್ಬರನ್ನು ಹದಮಾಡಲು ಬೆರೆಸುವ ಕೆಲವು ರಾಸಾಯನಿಕ ಕೆಲವರ ಮೈಗೆ ಆಗುವುದಿಲ್ಲ, ಇದು ಅಲರ್ಜಿ ಎಂದರು. ಬೆವರೂ ಉಜ್ಜಾಟವೂ ಸೇರಿದರೆ ಇನ್ನೂ ಬೇಗ ಏಳುತ್ತದಂತೆ. ಹಚ್ಚಲು ಮುಲಾಮು ಕೊಟ್ಟರು. ಗುಳ್ಳೆ ಒಣಗಿದ ಮೇಲೆ ಮತ್ತೆ ಬರಲು ಹೇಳಿ, ಆಗ ಪೂಜಾಳ ಬೆನ್ನಿಗೆ ಪುಟ್ಟ ಪುಟ್ಟ ಪಟ್ಟಿ ಅಂಟಿಸಿದರು. ಎರಡು ದಿನ ಬಿಟ್ಟು ಅವನ್ನು ಕಿತ್ತು, ಯಾವುದು ಎಲ್ಲಿತ್ತೆಂದು ತಿಳಿಯಲು ಪೆನ್ನಿನಿಂದ ಬೆನ್ನ ಮೇಲೆ ಗೆರೆ ಎಳೆದರು. ಇವಳೂ ಗೆರೆ ಎಳೆಯುತ್ತಾಳೆ ಎಂದುಕೊಂಡಳು ನೀಲಾಂಬಿಕೆ. ಆದರೆ ಇವಳು ಎಳೆದ ಮೇಲೆ ಕಾಯುತ್ತಾಳೆ, ನೋಡುತ್ತಾಳೆ, ಮತ್ತೆ ಬಾ ಎನ್ನುತ್ತಾಳೆ. ಮತ್ತೆರಡು ದಿನ ಕಳೆದು ಹೋದಾಗ ಒಂದು ಚೌಕದೊಳಗೆ ಮಾತ್ರ ಚರ್ಮ ಕೆಂಪಾಗಿ ಉಬ್ಬಿತ್ತು. ರಬ್ಬರಿನದು.

ಡಾಕ್ಟರು ಏನೇನನ್ನು ಮೈಗೆ ತಾಗಿಸಬಾರದೆಂದು ಚೀಟಿಯಲ್ಲಿ ಬರೆಯುತ್ತಿದ್ದರು. ರಬ್ಬರ್ ಪಟ್ಟಿಯ ನೀ ಕ್ಯಾಪ್, ಹವಾಯಿ ಚಪ್ಪಲಿ, ಬಿಗಿ ಎಲಾಸ್ಟಿಕ್, ಕೈಗವಸು, ಬಲೂನು. ಕಾಲಿಗೆ ಹತ್ತಿಯ ಬಟ್ಟೆ ಸುತ್ತಿ, ರಬ್ಬರಿಲ್ಲದ್ದನ್ನು ಕಟ್ಟಿಕೊಂಡು ಪೂಜಾ ಆಡಬಹುದು ಎಂದರು. ಅಷ್ಟು ಕೇಳಿದ್ದೇ ಪೂಜಾ ಅಪ್ಪನ ತೋಳು ಹಿಂಡಿದಳು. ಇಬ್ಬರೂ ಮುಲಾಮು ಕೊಳ್ಳಲು ಹೊರಗೆ ಹೋದರು. ನೀಲಾಂಬಿಕೆ ಏಳಲಿಲ್ಲ.

"ಇದ್ರಿಂದ ಯಾರಾದ್ರೂ ಸಾಯ್ತಾರೇನವ್ವ?"

"ಇಲ್ಲ ಅಜ್ಜಿ. ಈ ಸುತ್ತಿನಿಂದ ಯಾರೂ ಸಾಯೋದಿಲ್ಲ."

"ತಲೆ ಬಾಲ ಕೂಡಿದ್ರೂವೆ?"

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಆ ಮುದುಕಿಯ ಕೆಂಪು ಹತ್ತಿದ ಬೆರಳುಗಳನ್ನು ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. ನಿಜವಾದ ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಿಗೆ ನಿಲ್ಲುತ್ತದೆ, ಸುತ್ತಿ ಬಂದು ಕೂಡುವುದಿಲ್ಲ. ಹೆಚ್ಚಿನವರಿಗೆ ಮೂರು ನಾಲ್ಕು ವಾರದಲ್ಲಿ ತಾನಾಗಿ ಬಾಡುತ್ತದೆ. ಹೀಗೆ ಪೂರಾ ಸುತ್ತಿದ್ದರೆ, ಅದು ಏನನ್ನೋ ಕಟ್ಟಿದ ಗುರುತು ಅಜ್ಜಿ.

ಮೂರು ಸೋಮವಾರ, ಎಂದುಕೊಂಡಳು ನೀಲಾಂಬಿಕೆ. ಅಷ್ಟು ವರ್ಷ ಗುಳ್ಳೆಗಳು ತಾವಾಗಿ ಬಾಡಿದ್ದವು, ತಾವಾಗಿ ನಿಂತಿದ್ದವು. ತನ್ನ ಗೆರೆ ಏನನ್ನೂ ತಡೆದಿರಲಿಲ್ಲ. ತನ್ನ ಬಟ್ಟಲಿನಿಂದ ನಿಜವಾಗಿ ಆದದ್ದು ಏನಾದರೂ ಇದ್ದರೆ ಅದು ಒಂದೇ, ಅವತ್ತು ಬೋರಲಾದದ್ದು.

ಆ ಹುಡುಗಿ ಬದುಕಿದ್ದಾಳೋ ಇಲ್ಲವೋ. ಗುಳ್ಳೆ ಕೊಲ್ಲದಿದ್ದರೆ ಬಟ್ಟಲು ಕೊಂದಿರಬಹುದು. ಸಾಯುವುದು ಖಂಡಿತ ಎಂದು ತಿಳಿದ ಹದಿನೈದರ ಹುಡುಗಿ ಏನು ಮಾಡಿಕೊಂಡಿರಬಹುದು, ಯಾವ ಬಾವಿ, ಯಾವ ಮರ. ನೀಲಾಂಬಿಕೆ ಭಾನುವಾರ ಬೆಳಿಗ್ಗೆ ಬಟ್ಟಲನ್ನು ಒಂದು ಪಂಚೆಯ ಚೂರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಪೂಜಾ ಜೊತೆಗೆ ಹೊರಟಳು. ಎಲ್ಲಿಗೆ ಎಂದು ಚಿಕ್ಕಬಸಪ್ಪ ಕೇಳಲಿಲ್ಲ.

"ಪತ್ತೆ ಆಗ್ದಿದ್ರೆ ಹೊತ್ತು ಮುಳುಗೋದ್ರೊಳ್ಗೆ ವಾಪಸ್ ಬಂದ್ಬುಡು. ಪತ್ತೆ ಆದ್ರೆ ಕೂತು ಮಾತಾಡ್ಕೊಂಡು ಬಾ," ಎಂದ.

ಪಿರಿಯಾಪಟ್ಟಣಕ್ಕೊಂದು ಬಸ್ಸು, ಹುಣಸೂರಿಗೊಂದು, ಅಲ್ಲಿಂದ ಕೋಟೆಯ ಕಡೆಗೊಂದು. ಅಪ್ಪ ಮಗಳು ಬಂದ ದಾರಿಯೇ ಇದು, ಹೋದ ದಾರಿಯೂ ಇದೇ. ಹೋಗುವಾಗ ಆ ಮೂರು ಬಸ್ಸಿನಲ್ಲಿ ಅವರು ಏನು ಮಾತಾಡಿರಬಹುದು ಎಂದು ನೀಲಾಂಬಿಕೆ ಕಿಟಕಿಗೆ ತಲೆ ಆನಿಸಿ ಯೋಚಿಸಿದಳು. ಪಕ್ಕದಲ್ಲಿ ಪೂಜಾ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದಳು.

ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ನಿಲ್ಲುವ ಕಡೆ ನಂಜಣ್ಣ ಎಂಬವನ ಟೀ ಅಂಗಡಿ. ದೇವರಾಜು ಎಂದರೆ ಯಾವ ದೇವರಾಜು, ಇಲ್ಲಿ ಕಲ್ಲೆಸೆದರೆ ಒಬ್ಬ ದೇವರಾಜುವಿಗೆ ತಾಗುತ್ತದೆ ಎಂದು ಅವನು ನಕ್ಕ. ಕಬಡ್ಡಿ ಆಡುವ ಮಗಳಿದ್ದಳು, ಕಾಲಿಗೆ ಸುತ್ತಾಗಿತ್ತು ಎಂದಳು ನೀಲಾಂಬಿಕೆ. ನಂಜಣ್ಣನ ನಗು ನಿಂತಿತು. ಅವನು ಟೀ ಸೋಸುವುದನ್ನು ಮುಗಿಸಿ, ಆಮೇಲೆ ಹೇಳಿದ. ದೇವರಾಜು ತೀರಿಕೊಂಡು ಮೂರು ವರ್ಷವಾಯಿತು. ಮನೆ ಇಲ್ಲಿಂದ ಎರಡು ಮೈಲಿ, ಆಟೋ ಹೋಗುತ್ತದೆ.

"ಮಗಳು?" ಎಂದಳು ನೀಲಾಂಬಿಕೆ.

"ಅವ್ಳವ್ಳೆ," ಎಂದ ನಂಜಣ್ಣ. ಟೀ ಲೋಟ ಮುಂದಿಟ್ಟು, "ಇದ್ರೂ ಇಲ್ದಂಗೆ ಕಣ್ರವ್ವ," ಎಂದ.

ಕೆಂಪು ಹೆಂಚಿನ ಮನೆ. ಮುಂದೆ ಶುಂಠಿ ಹಾಕಿದ ಹೊಲ. ಅಂಗಳದಲ್ಲಿ ಒಬ್ಬ ಹೆಂಗಸು ರಾಗಿ ಕೇರುತ್ತಿದ್ದಳು, ಅದು ತಾಯಿ ಕುಳ್ಳಮ್ಮ. ಅವಳ ಪಕ್ಕದಲ್ಲಿ ಇಪ್ಪತ್ತಾರು ವರ್ಷದವಳೊಬ್ಬಳು ಬರಿಗಾಲಿನಲ್ಲಿ ನಿಂತು ಕಲ್ಲು ಆರಿಸುತ್ತಿದ್ದಳು. ಬಂದವರನ್ನು ಕಂಡು ಕುಳ್ಳಮ್ಮ ಯಾರೆಂದು ಕೇಳುವಷ್ಟರಲ್ಲಿ ಆ ಹುಡುಗಿ ತಲೆಯೆತ್ತಿದಳು. ನೀಲಾಂಬಿಕೆಗೆ ಆ ಮುಖದ ಗುರುತು ಸಿಗಲಿಲ್ಲ. ಅವಳಿಗೆ ಸಿಕ್ಕಿತ್ತು.

"ಬಟ್ಲು ತಂದಿದ್ದೀರಾ ಅಜ್ಜಿ?" ಎಂದಳು.

ಪೂಜಾ ಅಜ್ಜಿಯ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದಳು. ಕುಳ್ಳಮ್ಮ ನೀರು ತಂದುಕೊಟ್ಟಳು, ಬೆಟ್ಟದಪುರದವಳೆಂದು ತಿಳಿದ ಮೇಲೆ ದೂರ ಹೋಗಿ ನಿಂತಳು. ನೀಲಾಂಬಿಕೆ ಎಲ್ಲವನ್ನೂ ಹೇಳಿದಳು. ಮೊಮ್ಮಗಳ ಕಾಲು, ನೀ ಕ್ಯಾಪಿನ ಪಟ್ಟಿ, ಬೆನ್ನಿನ ಚೌಕ, ಡಾಕ್ಟರ ಮಾತು. ಯಾವುದನ್ನೂ ತನಗೆ ಅನುಕೂಲವಾಗಿ ಹೇಳಲಿಲ್ಲ. ನೋಡಬಾರದೆಂಬ ಕಟ್ಟಳೆಗೆ ಕಟ್ಟುಬಿದ್ದು ನಿನ್ನ ಕೈ ಒತ್ತಿಹಿಡಿದೆ, ನಿನ್ನ ಮಾತು ಕೇಳಲಿಲ್ಲ ಎಂದಳು.

ಪುಟ್ಟಿ ಕೇಳಿಸಿಕೊಂಡಳು. ಆಮೇಲೆ ಅವಳೂ ಹೇಳಿದಳು, ಯಾರದೋ ಕತೆ ಹೇಳುವ ಹಾಗೆ. ಮನೆಗೆ ಬಂದ ಮೇಲೆ ಅಪ್ಪ ಶಾಲೆ ಬಿಡಿಸಿದ. ಇನ್ನು ಆಟದ ಕಣಕ್ಕೆ ಕಾಲಿಡಿಸುವುದಿಲ್ಲ ಎಂದು ಹರಕೆ ಹೊತ್ತ. ಮೂರು ವಾರಕ್ಕೆ ಸುತ್ತು ಬಾಡಿತು. ಹರಕೆಯೇ ಉಳಿಸಿತು ಎಂದರು ಎಲ್ಲರೂ. ಆದರೆ ಹಾವು ಹೋಗಿರಲಿಲ್ಲ. ಆಗಾಗ ಬೇರೆ ಕಡೆ ಏಳುತ್ತಿತ್ತು. ಸೊಂಟಕ್ಕೆ ಒಮ್ಮೆ, ಮಣಿಕಟ್ಟಿಗೆ ಒಮ್ಮೆ. ಚಪ್ಪಲಿ ಹಾಕಿದರೆ ಪಾದದ ಮೇಲೆ ಎರಡು ಹೆಡೆಯ ಹಾಗೆ ಏಳುತ್ತಿತ್ತು, ಅದಕ್ಕೇ ಬರಿಗಾಲು. ನೋಡಲು ಬಂದ ಗಂಡುಗಳು ಊರಿನಲ್ಲಿ ವಿಚಾರಿಸಿಕೊಂಡು ಹಿಂದಕ್ಕೆ ಹೋದರು. ಬಾಣಂತಿಯರ ಮನೆಗೆ ಅವಳು ಹೋಗುವಂತಿರಲಿಲ್ಲ.

"ಅಪ್ಪ ಸಾಯೋವರ್ಗೂವೆ ದಿನಾ ಬೆಳಿಗ್ಗೆ ಬಂದು ನನ್ ಮೂಗಿನ್ ಹತ್ರ ಬೆರಳು ಹಿಡೀತಿದ್ದ," ಎಂದಳು. "ಉಸ್ರೈತಾ ಅಂತ. ನಾನು ಎಚ್ರವಾಗೇ ಇರ್ತಿದ್ದೆ. ಅವನಿಗೆ ಬೇಜಾರಾಗ್ಬಾರ್ದು ಅಂತ ಕಣ್ಮುಚ್ಕಂಡು ಜೋರಾಗಿ ಉಸಿರು ಬುಡ್ತಿದ್ದೆ."

ಕುಳ್ಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೆರಗಿನೊಳಗಿಂದಲೇ, ಹನ್ನೊಂದು ವರ್ಷ, ನಮ್ಮ ಮಗೀನ ಹನ್ನೊಂದು ವರ್ಷ ಎಂದು ಎರಡು ಸಲ ಅಂದಳು. ನೀಲಾಂಬಿಕೆ ಚೀಲದಿಂದ ಹುಣಸೂರಿನ ಡಾಕ್ಟರ ಚೀಟಿ ತೆಗೆದು ಜಗಲಿಯ ಮೇಲಿಟ್ಟಳು. ಅದರ ಪಕ್ಕದಲ್ಲಿ ಬಟ್ಟಲನ್ನು ಇಟ್ಟಳು. ಕ್ಷಮಿಸು ಎಂಬಷ್ಟು ಸಣ್ಣ ಮಾತನ್ನು ಹೇಳಲು ಅವಳಿಗೆ ನಾಚಿಕೆಯಾಯಿತು.

ಪುಟ್ಟಿ ಚೀಟಿಯನ್ನು ಎತ್ತಿಕೊಂಡು ಓದಿದಳು. ಹವಾಯಿ ಚಪ್ಪಲಿ ಎಂದು ಗಟ್ಟಿಯಾಗಿ ಓದಿ, ತನ್ನ ಪಾದ ನೋಡಿಕೊಂಡಳು. ಎಲಾಸ್ಟಿಕ್ ಎಂದು ಓದಿ ಸೊಂಟ ಮುಟ್ಟಿಕೊಂಡಳು. ಬಲೂನು ಎಂದು ಓದಿ ಚೀಟಿಯನ್ನು ಮಡಿಚಿದಳು.

"ಅಂಗಾದ್ರೆ ನನ್ ಮೈಯೊಳ್ಗೆ ಏನೂ ಇರ್ನಿಲ್ಲ."

"ಇರ್ನಿಲ್ಲ ಕಣವ್ವ."

"ಆ ಶನಿವಾರ ನಮ್ಮೋರು ಸೋತ್ರು. ಎಲ್ಡೇ ಪಾಯಿಂಟು."

ಪುಟ್ಟಿ ಪೂಜಾಳನ್ನು ಹತ್ತಿರ ಕರೆದು, ಯಾವ ಜಾಗದಲ್ಲಿ ಆಡುತ್ತೀಯ ಎಂದು ಕೇಳಿದಳು. ರೈಟ್ ಕಾರ್ನರ್ ಎಂದಳು ಪೂಜಾ. ಕಾಲು ತೋರಿಸು ಎಂದಳು ಪುಟ್ಟಿ. ಪೂಜಾಳ ಸುತ್ತು ಆಗಲೇ ಬಾಡಿ ಕಂದು ಕಲೆಯಾಗಿತ್ತು. ಪುಟ್ಟಿ ಆ ಕಲೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದಳು, ಮುಂದಿನಿಂದ ಮಗ್ಗುಲಿಗೆ, ಮಗ್ಗುಲಿಂದ ಹಿಂದಕ್ಕೆ, ಹೊರಟ ಕಡೆಗೇ ಬಂದು 'ಹೂಂ' ಎಂದಳು.

ಆಮೇಲೆ ನೀಲಾಂಬಿಕೆಯ ಎದುರು ಜಗಲಿಯ ಮೇಲೆ ಕೂತಳು. ಸೀರೆಯ ಅಂಚನ್ನು ಹಿಡಿದು ಎಡಗಾಲಿನ ಮೇಲಿಂದ ಮಂಡಿಯವರೆಗೂ ಎತ್ತಿದಳು.

"ಅವತ್ತು ನೋಡ್ನಿಲ್ಲ. ಇವತ್ತಾದ್ರೂ ನೋಡಿ."

ನೀಲಾಂಬಿಕೆ ನೋಡಿದಳು. ಹೊಲದ ಮಣ್ಣು ಮೆತ್ತಿದ, ಹಳೆಯ ಆಟದ ಒಂದು ಗಾಯದ ಗುರುತಿದ್ದ, ಬೇರೇನೂ ಇಲ್ಲದ ಕಾಲು. ಅವಳು ಬಹಳ ಹೊತ್ತು ನೋಡಿದಳು. ಮಂಡಿಚಿಪ್ಪನ್ನು ಕೈಯಿಂದ ಮುಟ್ಟಿದಳು. ಅದು ಬೆಚ್ಚಗಿತ್ತು.

"ನಿನ್ನ ಹೆಸ್ರೇನವ್ವ?"

"ಕೋಮಲ."

ಹೊರಡುವಾಗ ನೀಲಾಂಬಿಕೆ ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದಿದ್ದಳು. ಕೋಮಲ ಅದನ್ನು ಎತ್ತಿಕೊಂಡು ಆಟೋದ ತನಕ ಬಂದು ಅವಳ ಚೀಲಕ್ಕೆ ಹಾಕಿದಳು.

"ಇದನ್ನ ಇಟ್ಕಂಡು ನಾನೇನು ಮಾಡ್ಲಿ? ನೀವೇ ಇಟ್ಕಳಿ. ಇನ್ಮ್ಯಾಕೆ ಯಾರಾದ್ರೂ ಬಂದ್ರೆ ಎಲ್ಡು ಕಾಲೂ ನೋಡಿ."

ಹುಣಸೂರಿಗೆ ಹೋಗುತ್ತೀಯಾ ಎಂದು ಕೇಳಿದ್ದಕ್ಕೆ, ನೋಡುತ್ತೇನೆ ಎಂದಳು. ಆಟೋ ತಿರುಗುವಾಗ ಅವಳು ರಸ್ತೆಯಂಚಿನ ಬಿಸಿ ಜಲ್ಲಿಯ ಮೇಲೆ ಬರಿಗಾಲಿನಲ್ಲೇ ನಿಂತಿದ್ದಳು.

ಬೆಟ್ಟದಪುರಕ್ಕೆ ಈಗಲೂ ಜನ ಬರುತ್ತಾರೆ. ನೀಲಾಂಬಿಕೆ ಅವರನ್ನು ಜಗಲಿಯ ಮೇಲೆ ಕೂರಿಸಿ, ಬಟ್ಟಲು ಮುಟ್ಟದೆ, ಎಲ್ಲ ಕಡೆಯನ್ನೂ ನೋಡುತ್ತಾಳೆ. ಅಲ್ಲಿ ಏನು ಕಟ್ಟುತ್ತೀರಿ, ಏನು ತೊಡುತ್ತೀರಿ ಎಂದು ಕೇಳುತ್ತಾಳೆ. ಆಮೇಲೆ ಹುಣಸೂರಿನ ದಾರಿ ಹೇಳುತ್ತಾಳೆ. ಕೆಲವರು ಬೈದುಕೊಂಡು ಹೋಗುತ್ತಾರೆ. ನಿನ್ನ ಹಾವಿಗೆ ಈಗ ಬಸ್ ಚಾರ್ಜು ಬೇರೆ ಎಂದು ಚಿಕ್ಕಬಸಪ್ಪ ಹಾಸ್ಯ ಮಾಡುತ್ತಾನೆ. ಅಷ್ಟು ಹೇಳಿ, ಮೂರಾಗುವ ಮೊದಲು ತಾನೇ ಆ ಮೂಲೆ ಬಿಟ್ಟು ಈಚೆ ಬಂದು ಕೂರುತ್ತಾನೆ.

ಶಾಲೆಯ ಗಂಟೆ ಹೊಡೆಯುತ್ತದೆ. ಮೊಣಕಾಲು ಬರುವುದು ನಿಂತಿಲ್ಲ. ಆದರೆ ಈಗ ಲಂಗದ ಅಂಚು ಮೇಲಕ್ಕೆದ್ದಿರುತ್ತದೆ, ಅದರ ಮೇಲೆ ಐದು ಬೆರಳಿನ ಕಾವಿಯ ಗುರುತು ಹಾಗೇ ಇರುತ್ತದೆ. ಎರಡು ಕಾಲೂ ಬಂದು ಕೂರುತ್ತವೆ. ನೀಲಾಂಬಿಕೆ ಒಳಗೆ ಹೋಗುವುದಿಲ್ಲ. ಎದುರಿಗೆ ಕೂತು ನೋಡುತ್ತಾಳೆ.